ನರಸಿಂಹಪ್ಪನವರ ಜಿಲೇಬಿ ಬೇಸಾಯ

ನರಸಿಂಹಪ್ಪನವರ ಮನೆಯಲ್ಲಿ ಭಾನುವಾರದ ಮೀನು ಸಾರೆಂದರೆ ಅದೊಂದು ಸಂತಾಪ ಸಭೆ. ತಟ್ಟೆಗೆ ಮುದ್ದೆ ಬೀಳುವವರೆಗೂ ಎಲ್ಲರೂ ನೆಟ್ಟಗೇ ಇರುತ್ತಾರೆ. ಸಾರು ಬಿದ್ದ ಕೂಡಲೇ ಅವರ ತಾಯಿ, ಎಂಬತ್ತು ದಾಟಿದ ಮುನಿಗಂಗಮ್ಮ, ಒಂದು ತುಂಡನ್ನು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚುತ್ತಾರೆ. ಮೌನಾಚರಣೆ. ಆಮೇಲೆ ಕಣ್ಣು ಬಿಟ್ಟು ತೀರ್ಪು ಕೊಡುತ್ತಾರೆ.

"ಇದು ಮೀನಲ್ಲ ಕಣಪ್ಪ, ಐಸು."

"ನಿಜ ಕಣಮ್ಮ," ಎಂದು ನರಸಿಂಹಪ್ಪನವರು ನಿಟ್ಟುಸಿರು ಬಿಡುತ್ತಾರೆ. "ನಮ್ಮೂರ ಕೆರೆ ಮೀನಿನ ರುಚಿ ಇನ್ನೆಲ್ಲಿ ಬರುತ್ತೆ? ಆ ಕೊರಮೀನು, ಆ ಹಾವುಮೀನು..."

ಅಲ್ಲಿಗೆ ಅವರ ಹೆಂಡತಿ ಯಶೋಧರಾ ಸೌಟನ್ನು ಪಾತ್ರೆಗೆ ಕುಕ್ಕುತ್ತಾರೆ. "ಬೆಳಗ್ಗೆಯಿಂದ ಹುಣಸೇಹಣ್ಣು ಕಿವುಚಿ, ಮಸಾಲೆ ರುಬ್ಬಿ, ಸಾರು ಮಾಡಿದ್ದು ನಾನು. ಹೊಗಳಿಕೆ ಮಾತ್ರ ಐವತ್ತು ವರ್ಷದ ಹಿಂದೆ ಸತ್ತಿರೋ ಮೀನಿಗೆ!"

ಅವರ ಮಾತಿನಲ್ಲೂ ನ್ಯಾಯವಿತ್ತು. ಆದರೆ ನರಸಿಂಹಪ್ಪನವರಿಗೆ ನ್ಯಾಯಕ್ಕಿಂತ ನಾಲಿಗೆ ದೊಡ್ಡದು. ಮೂವತ್ತು ವರ್ಷ ಚಿಂತಾಮಣಿ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರಾಗಿ ಕೂತು, "ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಗೌರಿಬಿದನೂರು ಕಡೆ ಹೋಗೋ ಪ್ರಯಾಣಿಕರು" ಎಂದು ಮೈಕಿನಲ್ಲಿ ಕೂಗಿ ಕೂಗಿ ಜಗತ್ತನ್ನೆಲ್ಲ ಬಸ್ಸು ಹತ್ತಿಸಿ, ತಾವು ಅಲ್ಲೇ ಉಳಿದವರು ಅವರು. ನಿವೃತ್ತಿಯಾದ ಮೇಲೆ ಕೂಗಲು ಬಸ್ಸಿಲ್ಲ, ಕೇಳಲು ಪ್ರಯಾಣಿಕರಿಲ್ಲ. ಮನೆಯಲ್ಲಿ ಮೈಕು ಹೆಂಡತಿಯ ಕೈಯಲ್ಲಿತ್ತು. ಯಶೋಧರಾ ಸರ್ಕಾರಿ ಶಾಲೆಯ ಹೆಡ್ ಮೇಡಂ, ಇನ್ನೂ ಸರ್ವೀಸು ಬಾಕಿ ಇರುವವರು. (ಅಂದರೆ, ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಹಾಲು ಕಾಯಿಸುವ, ನಲ್ಲಿ ನೀರು ಹಿಡಿಯುವ, ಗ್ಯಾಸಿನವನಿಗೆ ಕಾಯುವ ಸಕಲ ಖಾತೆಗಳೂ ನರಸಿಂಹಪ್ಪನವರದೇ.)

ಇನ್ನು ಆ ಕೆರೆಯ ಮಾತು. ಅವರ ಊರು ಕೈವಾರದಾಚೆಗೆ. ಬೇಸಿಗೆಯಲ್ಲಿ ಕೆರೆಯ ನೀರು ಮೊಣಕಾಲಿಗೆ ಇಳಿದಾಗ ತಮಟೆ ಹೊಡೆಸುತ್ತಿದ್ದರು. ಮರುದಿನ ಬೆಳಗಾಗುವುದರೊಳಗೆ ಊರಿಗೆ ಊರೇ ಬುಟ್ಟಿ, ಪಂಚೆ, ತೂತು ಬಿದ್ದ ಸೊಳ್ಳೆಪರದೆ, ಬಿದಿರಿನ ಕೂಳಿ, ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡು ಕೆರೆಯೊಳಗೆ ಇಳಿಯುತ್ತಿತ್ತು. ಮುನಿಗಂಗಮ್ಮ ಸೀರೆಯನ್ನು ಕಚ್ಚೆಯಂತೆ ಬಿಗಿದು ಕೆಸರಿಗೆ ಬಿದ್ದರೆಂದರೆ ಬರಿಗೈಯಲ್ಲಿ ಹಿಡಿಯುವವರು. ಕೂಳಿ ಇದ್ದ ಗಂಡಸರೂ ಅವರ ಕೈ ನೋಡಿಕೊಂಡು ನಿಲ್ಲುತ್ತಿದ್ದರು.

"ಆವತ್ತೊಂದಿನ ಯಾರೂ ನಮ್ಮನ್ನ ‘ಅತ್ಲಾಗೆ ನಿಂತ್ಕೋ’ ಅಂತಿರಲಿಲ್ಲ," ಎಂದು ಮುನಿಗಂಗಮ್ಮ ಈಗಲೂ ಹೇಳುತ್ತಾರೆ. "ಮಿಕ್ಕ ದಿನ ಬಾವಿ ಬೇರೆ, ಲೋಟ ಬೇರೆ. ಆವತ್ತು ಮಾತ್ರ ಮೈಯೆಲ್ಲ ಕೆಸರು. ಯಾರ್ದು ಯಾವ ಕೇರಿ ಅಂತ ಗುರುತು ಸಿಕ್ಕಿದ್ರಲ್ವಾ?" ಎಂದು ಬೊಚ್ಚುಬಾಯಲ್ಲಿ ನಗುತ್ತಾರೆ.

ಆ ನಗುವಿಗಾಗಿ ನರಸಿಂಹಪ್ಪನವರು ಏನು ಬೇಕಾದರೂ ಮಾಡಿಯಾರು. ಮಾಡಿಯೇಬಿಟ್ಟರು.

ಆದದ್ದು ಹೀಗೆ. ಒಂದು ಮಧ್ಯಾಹ್ನ ಗ್ಯಾಸಿನವನಿಗೆ ಕಾಯುತ್ತ ಮೊಬೈಲು ಉಜ್ಜುತ್ತಿದ್ದಾಗ ಒಂದು ವಿಡಿಯೋ ಸಿಕ್ಕಿತು. ಹಿತ್ತಲಿನಲ್ಲಿ ಟಾರ್ಪಾಲಿನ ಗುಂಡು ತೊಟ್ಟಿ, ಅದರ ಪಕ್ಕ ಕೂಲಿಂಗ್ ಗ್ಲಾಸು ಹಾಕಿಕೊಂಡ ಯುವಕ. "ಕೆರೆ ಬೇಡ, ಜಮೀನು ಬೇಡ, ಮನೆ ಹಿಂದೆ ಜಾಗ ಇದ್ರೆ ಸಾಕು ಸ್ನೇಹಿತರೇ! ಇದು ಬಯೋಫ್ಲಾಕ್! ಆರೇ ತಿಂಗಳು!" ಎಂದು ಅವನು ಬಗ್ಗಿ ಒಂದು ಬಲೆ ಎತ್ತಿದರೆ, ಅದರ ತುಂಬ ಅಂಗೈಯಗಲದ ಮೀನು.

ಸಂಜೆ ಯಶೋಧರಾ ಶಾಲೆಯಿಂದ ಬಂದು ಚಪ್ಪಲಿ ಬಿಡುವುದರೊಳಗೆ ನರಸಿಂಹಪ್ಪನವರು ಕಾಫಿ ಹಿಡಿದು ನಿಂತಿದ್ದರು. ಕೇಳದೆ ಕಾಫಿ ಬಂದದ್ದನ್ನು ಕಂಡ ಕೂಡಲೇ ಮೇಡಮ್ಮಿಗೆ ಅನುಮಾನ ಹತ್ತಿತು.

"ಏನ್ ಒಡೆದ್ರಿ?"

"ಒಡೆಯೋದಲ್ಲ ಕಣೇ, ಕಟ್ಟೋದು. ಹಿತ್ತಲಲ್ಲಿ ಒಂದು ಕೆರೆ ಕಟ್ಟಣ ಅಂತ."

"ಬಟ್ಟೆ ಒಣಗಿಸೋ ಜಾಗದಲ್ಲಾ?"

"ಬಟ್ಟೆ ಮಹಡಿ ಮೇಲೆ ಹಾಕಿದ್ರಾಯ್ತು. ಕೇಳಿಲ್ಲಿ. ಮೀನು ನೀರಲ್ಲಿ ಹೊಲಸು ಮಾಡ್ತದೆ. ನಾವು ಬೆಲ್ಲ ಹಾಕ್ತೀವಿ, ಗಾಳಿ ಊದ್ತೀವಿ. ಆ ಬೆಲ್ಲ ತಿಂದು ಕಣ್ಣಿಗೆ ಕಾಣದ ಜೀವಿಗಳು ಬೆಳೀತವೆ. ಅವು ಹೊಲಸನ್ನ ಅರಗಿಸ್ಕೊಂಡು ಮುದ್ದೆ ಮುದ್ದೆ ಆಗ್ತವೆ, ಅದೇ ಫ್ಲಾಕ್. ಅದನ್ನೇ ಮತ್ತೆ ಮೀನು ತಿನ್ನುತ್ತೆ. ನೀರು ಬದಲಾಯಿಸೋ ಹಂಗಿಲ್ಲ, ಮೇವಿನ ಖರ್ಚೂ ಕಮ್ಮಿ. ವಿಜ್ಞಾನ ಕಣೇ!"

ಯಶೋಧರಾ ಕಾಫಿ ಲೋಟ ಕೆಳಗಿಟ್ಟರು. "ಅಂದ್ರೆ ಮೀನು ತನ್ನ ಕಕ್ಕಸ್ಸು ತಾನೇ ತಿಂದು ದಪ್ಪ ಆಗುತ್ತೆ. ಅದನ್ನ ನಾವು ತಿಂದು ದಪ್ಪ ಆಗ್ಬೇಕು."

ವಿಜ್ಞಾನವನ್ನು ಇಷ್ಟು ಕೀಳಾಗಿ ಯಾರೂ ಸಂಕ್ಷೇಪಿಸಿರಲಾರರು. ನರಸಿಂಹಪ್ಪನವರು ಗೌರಿಬಿದನೂರಿನ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುವ ಮಗಳು ಗೌತಮಿಗೆ ಫೋನು ಮಾಡಿದರು. ಮಗಳಾದರೂ ಅಪ್ಪನ ಪಕ್ಷ ಹಿಡಿದಾಳು ಎಂಬ ಆಸೆ.

"ಕರೆಂಟ್ ಎಷ್ಟಪ್ಪ? ಏರ್ ಪಂಪ್ ಹಗಲೂ ರಾತ್ರಿ ಓಡ್ಬೇಕಲ್ಲ?"

"ಓಡ್ತದೆ. ಸಣ್ಣ ಪಂಪು."

"ಕರೆಂಟ್ ಹೋದ್ರೆ?"

"ಮನೇಲಿ ಯುಪಿಎಸ್ ಐತಲ್ಲ."

"ಟಾರ್ಪಾಲ್ ಎಷ್ಟು ವರ್ಷ ಬರುತ್ತೆ? ಸವೆಯೋದಕ್ಕೆ ಡಿಪ್ರಿಸಿಯೇಷನ್ ಹಾಕ್ದೆಯಾ? ನಿನ್ನ ಕೂಲಿ ಲೆಕ್ಕ ಹಿಡಿದೆಯಾ?"

"ನನ್ನ ಕೂಲಿ ಏನಮ್ಮ, ನಾನು ಸುಮ್ನೇ ಇದೀನಲ್ಲ!"

"ಸುಮ್ನೆ ಇರೋನು ಸುಮ್ನೆ ಇರಪ್ಪ," ಎಂದು ಮಗಳು ಫೋನಿಟ್ಟಳು.

ಮೂರು ತಲೆಮಾರಿನ ಹೆಂಗಸರಲ್ಲಿ ಇಬ್ಬರು ವಿರೋಧ. ಉಳಿದವರು ಮುನಿಗಂಗಮ್ಮ. ಅವರು ಕೇಳಿದ್ದು ಒಂದೇ ಮಾತು: "ಕೆಸರಿರ್ತದಾ?" ಇಲ್ಲ ಎಂದಾಗ, "ಕೆಸರಿಲ್ದೆ ಮೀನು ಎಲ್ಲಿ ಬಚ್ಚಿಟ್ಕೊಂತದೆ, ಪಾಪ," ಎಂದು ಎಲೆ ಅಡಿಕೆ ಹಾಕಿಕೊಂಡರು. ಇದನ್ನು ನರಸಿಂಹಪ್ಪನವರು ತಾಯಿಯ ಸಮ್ಮತಿಯೆಂದು ದಾಖಲಿಸಿಕೊಂಡರು. ಅಡುಗೆಮನೆಗೆ ಹೊಸ ಕಟ್ಟೆ, ಟೈಲ್ಸು ಹಾಕಿಸಲು ತೆಗೆದಿಟ್ಟಿದ್ದ ನಿವೃತ್ತಿಯ ದುಡ್ಡಿಗೆ ಕೈ ಹಾಕಿದರು. "ಆರು ತಿಂಗಳಲ್ಲಿ ಟೈಲ್ಸ್ ಏನು, ಗ್ರಾನೈಟೇ ಹಾಕಿಸ್ತೀನಿ," ಎಂದು ಹೆಂಡತಿಗೆ ಮಾತು ಕೊಟ್ಟರು. ಮದುವೆಯಾದಾಗಿನಿಂದ ಕೊಟ್ಟ ಮಾತುಗಳಲ್ಲಿ ಇದೂ ಒಂದು ಎಂಬಂತೆ ಯಶೋಧರಾ ತಲೆಯಾಡಿಸಿದರು.

ಹಿತ್ತಲಲ್ಲಿ ಕಬ್ಬಿಣದ ಜಾಲರಿ ನಿಂತಿತು, ಅದರೊಳಗೆ ನೀಲಿ ಟಾರ್ಪಾಲು ಕೂತಿತು, ಮೇಲೆ ಹಸಿರು ನೆರಳು ಬಲೆ ಬಂತು. ಹತ್ತು ಸಾವಿರ ಲೀಟರ್ ನೀರು, ಮೂಟೆ ಬೆಲ್ಲ, ಕಲ್ಲುಪ್ಪು, ಪುಡಿ ಡಬ್ಬಗಳು. ಪಂಪು ಗುಯ್ಯೆಂದಿತು. ನಾಲ್ಕು ದಿನ ಕಳೆಯುವುದರೊಳಗೆ ನೀರು ಬಸ್ ಸ್ಟ್ಯಾಂಡ್ ಕ್ಯಾಂಟೀನಿನ ಚಹಾದ ಬಣ್ಣಕ್ಕೆ ಬಂತು. ನರಸಿಂಹಪ್ಪನವರು ಒಂದು ಗಾಜಿನ ಲೋಟದಲ್ಲಿ ಎತ್ತಿ ಬೆಳಕಿಗೆ ಹಿಡಿದು, "ಫ್ಲಾಕ್ ಕೂತಿದೆ!" ಎಂದು ಹಿಗ್ಗಿದರು. (ಅದೇ ಲೋಟವನ್ನು ಅಡುಗೆಮನೆಯಲ್ಲಿಟ್ಟು ಮರೆತು, ಮರುದಿನ ಬೆಳಗ್ಗೆ ಅದು ಯಶೋಧರಾ ಅವರ ತುಟಿಯವರೆಗೆ ಹೋದ ಪ್ರಸಂಗವನ್ನು ಇಲ್ಲಿ ವಿವರಿಸುವುದು ಬೇಡ. ಮನೆಯಲ್ಲಿ ಎರಡು ದಿನ ಕಾಫಿಯೂ ಇರಲಿಲ್ಲ, ಮಾತೂ ಇರಲಿಲ್ಲ.)

ಮರಿಗಳನ್ನು ತರಿಸುವ ಹೊತ್ತಿಗೆ ಇನ್ನೊಂದು ಅವಾಂತರ. ತೊಟ್ಟಿಗೆ ಹೊಂದುವ ತಿಲಾಪಿಯಾ ಮೀನಿಗೆ ನಮ್ಮ ಕಡೆ ಜಿಲೇಬಿ ಅನ್ನುತ್ತಾರೆ. ನರಸಿಂಹಪ್ಪನವರು ಕಾಂಪೌಂಡಿನ ಬಳಿ ನಿಂತು ಫೋನಿನಲ್ಲಿ, ಬಸ್ ಸ್ಟ್ಯಾಂಡಿನ ಕಂಠದಲ್ಲಿ, "ಶುಕ್ರವಾರ ಸಾವಿರ ಜಿಲೇಬಿ ಬರ್ಬೇಕು! ಒಂದೂ ಕೆಟ್ಟಿರಬಾರ್ದು!" ಎಂದು ಕೂಗಿದ್ದನ್ನು ಪಕ್ಕದ ಮನೆಯ ಗೋದಮ್ಮ ಕೇಳಿಸಿಕೊಂಡರು. ಬೆಲ್ಲದ ಮೂಟೆ ಇಳಿದದ್ದನ್ನು ಅವರು ಮೊದಲೇ ಕಂಡಿದ್ದರು. ಗೌತಮಿಗೆ ಏನೋ ವಿಶೇಷ ಎಂದುಕೊಂಡು, ಶುಕ್ರವಾರ ಸಂಜೆ ಗಂಡ ಅನಂತರಾಮಯ್ಯನವರನ್ನು ಹರಸಿ ಬರಲು ಕಳಿಸಿದರು. ಆಸ್ಪತ್ರೆಯಲ್ಲಿ ಗುಮಾಸ್ತರಾಗಿ ನಿವೃತ್ತರಾದ ಅನಂತರಾಮಯ್ಯನವರು ಬಗಲಲ್ಲಿ ಒಂದು ಸ್ಟೀಲ್ ಡಬ್ಬಿ ಇಟ್ಟುಕೊಂಡೇ ಬಂದರು.

ಹಿತ್ತಲಲ್ಲಿ ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳೊಳಗೆ ಉಗುರುದ್ದದ ಮರಿಗಳು ಪಿಳಿಪಿಳಿ ಕಣ್ಣು ಬಿಡುತ್ತಿದ್ದವು.

"ಇದೇನಾ ಜಿಲೇಬಿ?"

"ಇನ್ನೂ ಮರಿ ಸ್ವಾಮಿ. ಆರು ತಿಂಗಳು ಹೋಗ್ಲಿ, ಆಮೇಲೆ ನೋಡಿ."

ಅನಂತರಾಮಯ್ಯನವರು ಡಬ್ಬಿಯನ್ನು ನಿಧಾನವಾಗಿ ಬೆನ್ನ ಹಿಂದಕ್ಕೆ ಸರಿಸಿದರು. "ಹೆಂಗೂ ಡಾಕ್ಟ್ರು ಸಿಹಿ ಬೇಡ ಅಂದಿದಾರೆ ಬಿಡಿ," ಎಂದು ತಮ್ಮನ್ನು ತಾವೇ ಸಮಾಧಾನಪಡಿಸಿಕೊಂಡು ಹೊರಟರು. ಆದರೆ ಆವತ್ತಿನಿಂದ ಅವರಿಗೊಂದು ಚಾಳಿ ಹತ್ತಿತು. ಬೆಳಗ್ಗೆ ಸಂಧ್ಯಾವಂದನೆ ಮುಗಿಸಿ ಕಾಂಪೌಂಡಿನ ಮೇಲಿಂದ ಇಣುಕಿ, "ಹೆಂಗಿದಾವೆ ನಿಮ್ಮ ಸಿಹಿತಿಂಡಿಗಳು?" ಎಂದು ಕೇಳದಿದ್ದರೆ ಅವರಿಗೆ ದಿನ ಶುರುವಾಗುತ್ತಿರಲಿಲ್ಲ.

ನರಸಿಂಹಪ್ಪನವರ ದಿನವಂತೂ ತೊಟ್ಟಿಯ ಸುತ್ತಲೇ ಸುತ್ತತೊಡಗಿತು. ಬೆಳಗ್ಗೆ ಮೇವು, ಮಧ್ಯಾಹ್ನ ನೀರಿನ ಪರೀಕ್ಷೆ, ಸಂಜೆ ಮೇವು. ಮೇವು ಎರಚುವ ಮೊದಲು ಅವರಿಗೆ ಗೊತ್ತಿಲ್ಲದೆಯೇ, "ಗಮನಿಸಿ, ಗಮನಿಸಿ" ಎಂದು ಬಾಯಿಗೆ ಬರುತ್ತಿತ್ತು. ಮೀನುಗಳು ಬುಳಬುಳನೆ ಮೇಲೆದ್ದು ಬರುತ್ತಿದ್ದವು. ಮೂವತ್ತು ವರ್ಷದ ಸರ್ವೀಸಿನಲ್ಲಿ ಒಂದೇ ಒಂದು ಸಲವೂ ಪ್ರಯಾಣಿಕರು ಅವರ ಮಾತಿಗೆ ಹೀಗೆ ಕಿವಿಗೊಟ್ಟಿರಲಿಲ್ಲ.

ಮೇವಿನ ಚೀಲ ಮಾತ್ರ ವಿಡಿಯೋದವನು ಹೇಳಿದ್ದಕ್ಕಿಂತ ಬೇಗ ಬರಿದಾಗುತ್ತಿತ್ತು. ಫ್ಲಾಕ್ ತಿಂದುಕೊಂಡು ತೆಪ್ಪಗಿರಬೇಕಾದ ಮೀನುಗಳು ಅಂಗಡಿ ಮೇವನ್ನೇ ಕೇಳುತ್ತಿದ್ದವು. ಕರೆಂಟಿನ ಬಿಲ್ಲು ಬಂದಾಗ ಮೀಟರಿನವನು, "ಏನ್ ಸಾರ್, ಮನೇಲಿ ಮಿಲ್ ಹಾಕಿದೀರಾ?" ಎಂದು ಕೇಳಿಯೇ ಹೋದ.

ಇನ್ನು ಕರೆಂಟು ಹೋದ ದಿನ. ಊರಿನಲ್ಲಿ ಲೈನು ರಿಪೇರಿ, ಇಡೀ ದಿನ ಕರೆಂಟಿಲ್ಲ. ಯುಪಿಎಸ್ ಪಂಪನ್ನು ನಡೆಸುತ್ತದೆಂದು ನರಸಿಂಹಪ್ಪನವರು ನೆಮ್ಮದಿಯಾಗಿ ದಿನಪತ್ರಿಕೆ ಓದುತ್ತಿದ್ದರು. ಒಳಗೆ ಮುನಿಗಂಗಮ್ಮ ಅದೇ ಯುಪಿಎಸ್ಸಿನ ದಯದಿಂದ ತೆಲುಗು ಸೀರಿಯಲ್ಲು ನೋಡುತ್ತಿದ್ದರು. ಅತ್ತೆ ಸೊಸೆಗೆ ವಿಷ ಹಾಕುವ ಘಳಿಗೆಗೆ ಸರಿಯಾಗಿ ಯುಪಿಎಸ್ ಕೀಂ ಎಂದು ಕಣ್ಣು ಮುಚ್ಚಿತು. ಪಂಪು ನಿಂತಿತು. ಸ್ವಲ್ಪ ಹೊತ್ತಿಗೆ ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ಬಿಡತೊಡಗಿದವು.

ಗಾಳಿ ಬೇಕು! ನರಸಿಂಹಪ್ಪನವರು ಪಂಚೆ ಎತ್ತಿ ಕಟ್ಟಿ ತೊಟ್ಟಿಗೇ ಧುಮುಕಿ, ಎದೆಮಟ್ಟದ ಕಂದು ನೀರಿನಲ್ಲಿ ಕೈಕಾಲು ಬಡಿಯತೊಡಗಿದರು. ಸದ್ದು ಕೇಳಿ ಇಣುಕಿದ ಅನಂತರಾಮಯ್ಯನವರು ವಿಷಯ ತಿಳಿದು ಕಾಂಪೌಂಡು ಹತ್ತಿ ಕೂತರು. "ಒಂದು ಬಿಂದಿಗೆ ಕೊಡಿ ಇಲ್ಲಿ. ಮೇಲಿಂದ ಸುರಿದ್ರೆ ಗಾಳಿ ಸೇರುತ್ತೆ. ಅಭಿಷೇಕ ಮಾಡಿ ಅಭ್ಯಾಸ ಇದೆ ನಂಗೆ." ನರಸಿಂಹಪ್ಪನವರು ನೀರು ತುಂಬಿ ಕೊಡುವುದು, ಅನಂತರಾಮಯ್ಯನವರು ಎತ್ತರದಿಂದ ಸುರಿಯುವುದು. ನಡುವೆ ಬಾಯಲ್ಲಿ ಅರಿವಿಲ್ಲದೆ ರುದ್ರ ಬೇರೆ ಶುರುವಾಯಿತು. ಮುನಿಗಂಗಮ್ಮ ಬೀಸಣಿಗೆಯಿಂದ ನೀರಿಗೆ ಗಾಳಿ ಹಾಕುತ್ತಿದ್ದರು.

ಸಂಜೆ ಯಶೋಧರಾ ಗೇಟು ತೆಗೆದು ಹಿತ್ತಲಿಗೆ ಬಂದಾಗ ಕಂಡದ್ದು ಈ ದೃಶ್ಯ.

"ಏನ್ರೀ ಇದು?"

"ಮೀನಿಗೆ ಉಸಿರು ಕಟ್ತಿದೆ ಕಣೇ!" ಎಂದು ಗಂಡ ಏದುಸಿರಿನಲ್ಲಿ ಹೇಳಿದರು.

"ನಿಮ್ಮನ್ನ ನೋಡಿದ್ರೆ ಹಂಗೆ ಕಾಣ್ತಿಲ್ಲ. ಅವೇ ನಿಮಗೆ ಗಾಳಿ ಹಾಕೋ ಹಂಗಿದಾವೆ."

ಹಾಗೆಂದರೂ ಬ್ಯಾಗು ಎಸೆದು, ಇನ್ನೊಂದು ಬಕೆಟ್ಟು ಹಿಡಿದು ಅವರೂ ನಿಂತರು. ಕರೆಂಟು ಬರುವ ಹೊತ್ತಿಗೆ ಸತ್ತದ್ದು ಒಂದಿಷ್ಟೇ. ನರಸಿಂಹಪ್ಪನವರ ಸೊಂಟ ಮಾತ್ರ ಒಂದು ವಾರ ಏಳಲಿಲ್ಲ. ಯಶೋಧರಾ ಹರಳೆಣ್ಣೆ ಕಾಯಿಸಿ ನೀವುತ್ತ, "ಡಿಪ್ರಿಸಿಯೇಷನ್ ಅಂದ್ರೆ ಇದೇ ಅಂತೆ, ಗೌತಮಿ ಹೇಳಿದ್ಲು," ಎಂದರು.

ಐದನೇ ತಿಂಗಳಿಗೆ ಒಂದೆರಡನ್ನು ಹಿಡಿದು ಸಾರು ಮಾಡಿಸಿದರು. ಮುನಿಗಂಗಮ್ಮ ಕಣ್ಣು ಮುಚ್ಚಿದರು. ನರಸಿಂಹಪ್ಪನವರ ಕೈಯಲ್ಲಿದ್ದ ಮುದ್ದೆ ಅಲ್ಲೇ ನಿಂತಿತು.

"ತಾಜಾ ಐತೆ," ಎಂದರು ಮುನಿಗಂಗಮ್ಮ. ನರಸಿಂಹಪ್ಪನವರ ಮುಖ ಅರಳಿತು. "ಆದ್ರೆ ಪಾಪ, ಇದು ಓಡಾಡಿಲ್ಲ ಕಣಪ್ಪ. ಕುಂತಲ್ಲೇ ತಿಂದು ತಿಂದು ಬೆಳೆದೈತೆ. ಮೈಯಲ್ಲಿ ಬಿಗಿ ಇಲ್ಲ."

"ರಿಟೈರಾಗಿರೋ ಮೀನು," ಎಂದರು ಯಶೋಧರಾ.

ಇಷ್ಟರ ಮೇಲೆ ಬಂದವನು ವೆಂಕಟರವಣಪ್ಪ. ಚಿಂತಾಮಣಿ ಪೇಟೆಯಲ್ಲಿ ಮೀನಿನಂಗಡಿ ಇಟ್ಟವನು, ಮಾತಿಗೊಮ್ಮೆ ತೆಲುಗು ಬೆರೆಸುವವನು, ಸಗಟಿನಲ್ಲಿ ಕೊಳ್ಳುತ್ತಾನೆಂದು ಯಾರೋ ಹೇಳಿದ್ದರು. ತೊಟ್ಟಿಗೆ ಕೈ ಅದ್ದಿ, ಮೀನೊಂದನ್ನು ಮೇಲೆತ್ತಿ, ಕಿವಿರು ಬಿಡಿಸಿ ನೋಡಿ, ಮತ್ತೆ ಒಳಗೆ ಬಿಟ್ಟ.

"ಬಾಗುಂದಿ ಸಾರ್. ಬಲೇ ಚೆನ್ನಾಗಿ ಸಾಕಿದೀರಿ. ಕೇಜಿಗೆ ತೊಂಬತ್ತು ಮಾಡ್ಕೊಳ್ಳಣ."

"ಅಂಗಡೀಲಿ ನೂರೆಂಬತ್ತಕ್ಕೆ ಮಾರ್ತೀಯಲ್ಲಯ್ಯ!"

"ಅಂಗಡಿ ಬಾಡಿಗೆ, ಐಸು, ಕ್ಲೀನ್ ಮಾಡೋರ ಕೂಲಿ, ಇವೆಲ್ಲ ನೋಡ್ಬೇಕಲ್ಲ ಸಾರ್. ಆಂಧ್ರದಿಂದ ಲಾರಿಗಟ್ಲೆ ಬರ್ತಾವೆ. ಅವ್ರು ಇನ್ನೂ ಕಮ್ಮಿಗೇ ಕೊಡ್ತಾರೆ. ಏದೋ ನಿಮ್ಮ ಮುಖ ನೋಡಿ ತೊಂಬತ್ತು."

ಆ ವಾರ ಊರಿಗೆ ಬಂದ ಗೌತಮಿ ಮೇವು, ಬೆಲ್ಲ, ಕರೆಂಟು, ಟಾರ್ಪಾಲು ಎಲ್ಲವನ್ನೂ ಕೂಡಿಸಿ ಕಳೆದು ಹೇಳಿದಳು. "ಅಪ್ಪಾ, ಒಂದು ಕೇಜಿ ಮೀನು ಬೆಳೆಸೋಕೆ ನಿಂಗೆ ನೂರೈವತ್ತು ಬಿದ್ದಿದೆ. ಮಾರೋದು ತೊಂಬತ್ತಕ್ಕೆ. ಒಂದೇ ತೊಟ್ಟಿ ಇಟ್ಕೊಂಡು ಆಂಧ್ರದ ಕೆರೆಗಳ ಜೊತೆ ಪೈಪೋಟಿ ಮಾಡಕ್ಕಾಗಲ್ಲ. ನೀನು ಎಷ್ಟು ಚೆನ್ನಾಗಿ ಸಾಕ್ತೀಯೋ ಅಷ್ಟೂ ನಷ್ಟ."

"ಅಂದ್ರೆ ಸತ್ತಿದ್ರೇ ಲಾಭವಾಗಿತ್ತಾ?"

"ಮೊದಲ್ನೇ ದಿನವೇ ಸತ್ತಿದ್ರೆ, ಹೌದು."

ನರಸಿಂಹಪ್ಪನವರು ತೊಟ್ಟಿಯ ಪಕ್ಕ ಹೋಗಿ ಕೂತರು. ಮೀನುಗಳು ಮೇವೆಂದುಕೊಂಡು ಮೇಲೆ ಬಂದವು. ಗ್ರಾನೈಟು ಹೋಗಲಿ, ಟೈಲ್ಸಿನ ಕನಸೂ ನೀರಿಗಿಳಿದಿತ್ತು. ಅದಕ್ಕಿಂತ ಹೆಚ್ಚಾಗಿ ಅವರಿಗೆ ಕೊರೆದದ್ದು ಬೇರೆ. ತಾಯಿಗೆ ಆ ಕೆರೆಯನ್ನು ಮತ್ತೆ ತಂದುಕೊಡುತ್ತೇನೆಂದು ಹೊರಟು ಒಂದು ದೊಡ್ಡ ಬಕೆಟ್ಟಿನಲ್ಲಿ ಬಂದು ನಿಂತಿದ್ದರು. ಬಂದಷ್ಟಾದರೂ ಬರಲಿ ಎಂದು ವೆಂಕಟರವಣಪ್ಪನಿಗೆ ಹೂಂ ಅಂದರು.

ಮೀನು ಹಿಡಿಯುವ ದಿನವೂ ಸುಲಭಕ್ಕೆ ನಿಗದಿಯಾಗಲಿಲ್ಲ. ನರಸಿಂಹಪ್ಪನವರು ಹೇಳಿದ ದಿನ ಹುಣ್ಣಿಮೆ. ಹುಣ್ಣಿಮೆಯ ದಿನ ಯಶೋಧರಾ ಪಂಚಶೀಲ ಹಿಡಿದವರು, ಇರುವೆಯನ್ನೂ ದಾಟಿ ನಡೆಯುವವರು. "ನಡುಮನೇಲಿರೋ ಬುದ್ಧನ ಫೋಟೋ ಹಿಂದೇನೇ ಸಾವಿರ ಕೊಲೆ ಮಾಡಿಸ್ತೀರಾ?" ಎಂದರು. ಹಾಗಾಗಿ ಮುಂದಿನ ಭಾನುವಾರವೆಂದಾಯಿತು. ಭಾನುವಾರವೆಂದ ಮೇಲೆ ಊರಿನಿಂದ ನೆಂಟರು ಬಂದರು. ಮುನಿಗಂಗಮ್ಮನವರ ಗೆಳತಿ ಅಮ್ಮಾಜಮ್ಮ ಮೊಮ್ಮಕ್ಕಳ ಸಮೇತ ಬಸ್ಸಿಳಿದರು. ಬಡಾವಣೆಯ ಅರ್ಧ ಜನ ನೋಡಲು ಬಂದು ಕಾಂಪೌಂಡಿನ ಸುತ್ತ ನಿಂತರು. ವೆಂಕಟರವಣಪ್ಪ ಗೂಡ್ಸ್ ಆಟೋ, ತಕ್ಕಡಿ, ಕ್ರೇಟುಗಳೊಂದಿಗೆ ಹಾಜರಾದ.

ನರಸಿಂಹಪ್ಪನವರು ತೊಟ್ಟಿಯ ತಳದ ಪೈಪು ತಿರುಗಿಸಿದರು. ಕಂದು ನೀರು ಮೋರಿಗೆ ಹರಿಯಿತು. ಎದೆಮಟ್ಟ ಇದ್ದದ್ದು ಸೊಂಟಕ್ಕೆ, ಸೊಂಟದಿಂದ ಮೊಣಕಾಲಿಗೆ ಇಳಿಯಿತು. ತಳದಲ್ಲಿ ಕೂತಿದ್ದ ಫ್ಲಾಕು ಕದಡಿ ನೀರೆಲ್ಲ ರಾಡಿಯಾಯಿತು. ಆ ರಾಡಿಯಲ್ಲಿ ನೂರಾರು ಬೆನ್ನುಗಳು ಬೆಳ್ಳಗೆ ಹೊಳೆದು, ಪಟಪಟನೆ ಎಗರತೊಡಗಿದವು.

ಜನ "ಹೋ!" ಎಂದರು.

ಮುನಿಗಂಗಮ್ಮ ಇದುವರೆಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಈಗ ಎದ್ದು ನಿಂತರು. ತೊಟ್ಟಿಯ ಅಂಚಿಗೆ ಬಂದು ಒಂದು ಸಲ ನೋಡಿದರು. ಮೂಗು ಅರಳಿಸಿ ಆ ವಾಸನೆ ಎಳೆದುಕೊಂಡರು. ಆಮೇಲೆ ಬಾಯಲ್ಲಿದ್ದ ಎಲೆ ಅಡಿಕೆ ಉಗಿದು, ಸೀರೆಯ ನಿರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿದರು.

"ಅಮ್ಮಾ, ಏನ್ ಮಾಡ್ತಿದೀಯ?" ಎಂದು ನರಸಿಂಹಪ್ಪನವರು ಓಡಿ ಬರುವಷ್ಟರಲ್ಲಿ ಅವರು ಕುರ್ಚಿಯ ಮೇಲೆ ಹತ್ತಿ, ಅಮ್ಮಾಜಮ್ಮನ ಭುಜ ಹಿಡಿದು, ತೊಟ್ಟಿಯೊಳಗೆ ಇಳಿದೇಬಿಟ್ಟಿದ್ದರು. ಬಗ್ಗಿ, ಎರಡೂ ಕೈ ನೀರಿನೊಳಗೆ ಹರಡಿ, ಉಸಿರು ಬಿಗಿ ಹಿಡಿದು ಒಂದು ಘಳಿಗೆ ಹಾಗೇ ನಿಂತರು. ಕೈ ಮೇಲೆ ಬಂದಾಗ ಅದರಲ್ಲಿ ಅಂಗೈಯಗಲದ ಜಿಲೇಬಿ ಒದ್ದಾಡುತ್ತಿತ್ತು.

"ಅಮ್ಮಾಜೀ! ಬಾರೇ!" ಎಂದು ಅವರು ಕೂಗಿದ್ದು ಎಂಬತ್ತರ ದನಿಯಲ್ಲ. ಅದು ನರಸಿಂಹಪ್ಪನವರು ಚಿಕ್ಕವರಿದ್ದಾಗ ಕೆರೆಯ ದಂಡೆಯಲ್ಲಿ ಕೇಳಿದ್ದ ದನಿ.

ಅಮ್ಮಾಜಮ್ಮ ಇಳಿದರು. ಮೊಮ್ಮಕ್ಕಳು ಇಳಿದರು. ನೆಂಟರು ಇಳಿದರು. ಕಾಂಪೌಂಡಿನಾಚೆಯಿಂದ ಬಡಾವಣೆಯವರು ಒಬ್ಬೊಬ್ಬರಾಗಿ ಹಾರಿ ಬಂದರು. ಹಿಡಿದ ಮೀನುಗಳನ್ನು ವೆಂಕಟರವಣಪ್ಪನ ಕ್ರೇಟಿಗೆ ಹಾಕಲು ನರಸಿಂಹಪ್ಪನವರು ಕೂಗಿಕೊಳ್ಳತೊಡಗಿದರು. "ದಯವಿಟ್ಟು ಗಮನಿಸಿ! ಹಿಡಿದ ಮೀನುಗಳನ್ನ ಈ ಕಡೆ ತಂದು..."

ತಾಯಿ ಕೆಸರು ಮುಖವನ್ನು ತಿರುಗಿಸಿ ಮಗನನ್ನು ಗದರಿದರು. "ಲೇ ನರಸಿಂಹ! ಏನಂತ ಮಾತಾಡ್ತಿದೀಯೋ? ಕೆರೆ ಬತ್ತಿದ ದಿನ ಹಿಡಿದೋರ್ದೇ ಮೀನು. ಗೌಡ ಬಂದ್ರೂ ಅಷ್ಟೇ, ತೋಟಿ ಬಂದ್ರೂ ಅಷ್ಟೇ. ಇದ್ರಲ್ಲಿ ಪಾಲು ಕೇಳಿದೋರು ಉಂಟೇನೋ?"

ಇದು ಕೆರೆಯಲ್ಲ, ಇದಕ್ಕೆ ಜಿಎಸ್‌ಟಿ ಕಟ್ಟಿದ ಬಿಲ್ಲಿದೆ ಎಂದು ನರಸಿಂಹಪ್ಪನವರು ಹೇಳಬಹುದಿತ್ತು. ಆದರೆ ಯಾರಿಗೆ? ರಾಡಿಯಿಂದ ಎದ್ದು ನಿಂತವರಲ್ಲಿ ಯಾರು ನೆಂಟರು, ಯಾರು ಬಡಾವಣೆಯವರು ಎಂದು ಅವರಿಗೇ ಗುರುತು ಹತ್ತುತ್ತಿರಲಿಲ್ಲ. ಕಾಂಪೌಂಡಿನ ಮೇಲೆ ಅನಂತರಾಮಯ್ಯನವರು ಪಂಚೆ ಮಡಚಿ ಕೂತು ವೀಕ್ಷಕ ವಿವರಣೆ ಕೊಡುತ್ತಿದ್ದರು. "ಆ ಮೂಲೇಲಿ, ಆ ಮೂಲೇಲಿ! ಮುನಿಗಂಗಮ್ಮನವರೇ, ನಿಮ್ಮ ಎಡಗಾಲ ಹತ್ರ! ಛೆ, ಹೋಯ್ತು!" ಮೂಗಿಗೆ ಸೆರಗು ಹಿಡಿದು ನಿಂತಿದ್ದ ಗೋದಮ್ಮ ತಡೆಯಲಾರದೆ ಒಳಗೆ ಓಡಿ ಒಂದು ಬಕೆಟ್ಟು ತಂದು ಗೋಡೆಯ ಮೇಲಿಂದ ಇಳಿಬಿಟ್ಟರು. "ಇದ್ರಲ್ಲಿ ಹಾಕ್ಕೊಳ್ಳಿ ಮುನಿಗಂಗಮ್ಮ. ಎಷ್ಟೂಂತ ಸೆರಗಲ್ಲಿ ಹಿಡೀತೀರಾ? ಬಕೆಟ್ ಮಾತ್ರ ವಾಪಸ್ ಕೊಡೋದು ಬೇಡ."

"ಇರಲಿ ಬಿಡ್ರೀ," ಎಂದು ಪಕ್ಕದಲ್ಲಿ ದನಿ ಕೇಳಿ ನರಸಿಂಹಪ್ಪನವರು ತಿರುಗಿದರು. ಯಶೋಧರಾ ಕನ್ನಡಕ ತೆಗೆದು ಗಂಡನ ಜೇಬಿಗಿಟ್ಟರು. "ಹೆಂಗೂ ಮಾರಿದ್ರೂ ನಷ್ಟ. ಅತ್ತೆ ಮುಖ ನೋಡಿ." ಹೀಗೆಂದು ಸರ್ಕಾರಿ ಶಾಲೆಯ ಹೆಡ್ ಮೇಡಂ ತೊಟ್ಟಿಗಿಳಿದರು.

ನರಸಿಂಹಪ್ಪನವರು ತಾಯಿಯ ಮುಖ ನೋಡಿದರು. ಕೆಸರು, ಬೊಚ್ಚುಬಾಯಿ, ಹಣೆಗೆ ಅಂಟಿದ ಬಿಳಿಕೂದಲು. ಪ್ಯಾಂಟು ಮಡಚದೆಯೇ ತಾವೂ ಇಳಿದರು. ಆರು ತಿಂಗಳು ತಾವೇ ಸಾಕಿದ ಮೀನು, ತಮ್ಮ ದನಿ ಕೇಳಿದರೆ ಓಡಿಬರುವ ಮೀನು. ಒಂದೂ ಕೈಗೆ ಸಿಗಲಿಲ್ಲ. ಸಿಕ್ಕಿದ್ದೊಂದು ಬೆನ್ನಿನ ಮುಳ್ಳಿನಿಂದ ಹೆಬ್ಬೆರಳಿಗೆ ಚುಚ್ಚಿ ಜಾರಿತು.

ಇತ್ತ ಖಾಲಿ ತಕ್ಕಡಿಯ ಪಕ್ಕ ನಿಂತಿದ್ದ ವೆಂಕಟರವಣಪ್ಪ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ. "ಹಿಡಿದೋರ್ದೇ ಅಲ್ವಾ ಅವ್ವಾ?" ಎಂದು ಮುನಿಗಂಗಮ್ಮನವರನ್ನು ಕೇಳಿ ಖಚಿತಪಡಿಸಿಕೊಂಡ. ಆಮೇಲೆ ಅಂಗಿ ಬಿಚ್ಚಿ ಆಟೋದ ಕನ್ನಡಿಗೆ ನೇತುಹಾಕಿ, ಬಲೆ ತೆಗೆದುಕೊಂಡು ಇಳಿದ. ಕಸುಬಿನವನು. ಎರಡು ಸಲ ಎಳೆದ, ಮೂರು ಕ್ರೇಟು ತುಂಬಿದ.

ಮಧ್ಯಾಹ್ನದ ಹೊತ್ತಿಗೆ ತೊಟ್ಟಿ ಬರಿದಾಯಿತು, ಹಿತ್ತಲು ಬರಿದಾಯಿತು. ಎಲ್ಲರೂ ಮೀನು ಹೊತ್ತುಕೊಂಡು, ನರಸಿಂಹಪ್ಪನವರನ್ನು ಬಾಯಿ ತುಂಬ ಹೊಗಳುತ್ತ ಹೋದರು. ವೆಂಕಟರವಣಪ್ಪನಂತೂ ಕಾಲಿಗೇ ಬಿದ್ದು ಹೋದ.

ಸಂಜೆ ಸ್ನಾನ ಮುಗಿಸಿ ಬಂದ ಯಶೋಧರಾ ಮಸಾಲೆ ರುಬ್ಬಿಟ್ಟು ಕೇಳಿದರು. "ಅತ್ತೆ, ಮೀನೆಲ್ಲಿ?"

"ಯಾವ್ ಮೀನು?"

"ನೀವು ಹಿಡಿದಿದ್ದು. ಒಂದು ಬಕೆಟ್ ತುಂಬ ಇತ್ತಲ್ಲ?"

"ಹಂಚ್ದೆ ಕಣಮ್ಮ. ಅಮ್ಮಾಜಿಗೆ ಸಿಕ್ಕಿದ್ದು ಎರಡೇ. ಆ ಮೂಲೆಮನೆ ಬಾಣಂತಿಗೆ ಒಂದಿಷ್ಟು ಕೊಟ್ಟೆ. ಬಂದೋರ್ನ ಬರಿಗೈಲಿ ಕಳಿಸಕ್ಕಾಗ್ತದಾ? ನೀನು ಹಿಡಿದಿದ್ದೂ ಅದ್ರಲ್ಲೇ ಇತ್ತಾ?"

ಅತ್ತೆ ಸೊಸೆ ಇಬ್ಬರೂ ನರಸಿಂಹಪ್ಪನವರ ಕಡೆ ತಿರುಗಿದರು. ಅವರು ಹೆಬ್ಬೆರಳಿನ ಬ್ಯಾಂಡೇಜು ತೋರಿಸಿದರು. ಆಮೇಲೆ ಚೀಲ ತೆಗೆದುಕೊಂಡು ಹೊರಟರು.

ಭಾನುವಾರ ಸಂಜೆ ತೆರೆದಿದ್ದುದು ವೆಂಕಟರವಣಪ್ಪನ ಅಂಗಡಿ ಒಂದೇ. ಮುಂದೆ ಸಾಲು ನಿಂತಿತ್ತು. ನರಸಿಂಹಪ್ಪನವರೂ ಸಾಲಿನಲ್ಲಿ ನಿಂತರು.

"ರಂಡಿ ಸಾರ್, ರಂಡಿ!" ಎಂದು ತೆಲುಗಿನಲ್ಲೇ ಬರಮಾಡಿಕೊಂಡ ವೆಂಕಟರವಣಪ್ಪ, ಒಂಚೂರೂ ನಾಚಿಕೆಯಿಲ್ಲದೆ. "ಲೋಕಲ್ ಜಿಲೇಬಿ ಐತೆ. ಬೆಳಗ್ಗೆ ಹಿಡಿದಿದ್ದು. ಐಸಿಗೇ ಹಾಕಿಲ್ಲ."

"ಗೊತ್ತಪ್ಪ. ಎಷ್ಟು?"

"ಎಲ್ಲರಿಗೂ ಇನ್ನೂರು. ನೀವು ಸಾಕಿದೋರು, ನಿಮಗೆ ನೂರೆಂಬತ್ತು."

ಮನೆಗೆ ಬಂದು ಮೀನನ್ನು ಹಿತ್ತಲಿನ ಕಲ್ಲಿನ ಮೇಲೆ ಸುರಿದು, ಎಲ್ಲಿಂದ ತಂದೆನೆಂದು ಅವರು ಯಾರಿಗೂ ಹೇಳಲಿಲ್ಲ. ಮುನಿಗಂಗಮ್ಮ ಈಳಿಗೆಮಣೆ ಎಳೆದುಕೊಂಡು ಕೂತರು. ಮೊದಲನೇ ಮೀನನ್ನೆತ್ತಿ ಬಾಲ ಬಿಡಿಸಿ ನೋಡಿದರು. ಮತ್ತೊಮ್ಮೆ ತಿರುಗಿಸಿ ನೋಡಿದರು.

"ಲೇ ನರಸಿಂಹ, ಈ ಬಾಲ ಹರಿದಿರೋದು ನಾನೇ ಹಿಡಿದಿದ್ದಲ್ವೇನೋ? ಆ ಮೀನಿನ ಅಂಗಡಿಯವ್ನಿಗೆ ಕೊಟ್ಟಿದ್ದೆ. ಅಷ್ಟು ದೂರದಿಂದ ಗಾಡಿ ತಂದಿದಾನೆ, ಮನೇಲಿ ಸಾರು ಮಾಡ್ಕೊಳ್ಳಿ ಪಾಪ ಅಂತ."

ನರಸಿಂಹಪ್ಪನವರು ಖಾಲಿ ಚೀಲ ಮಡಚತೊಡಗಿದರು. ಅಡುಗೆಮನೆಯ ಬಾಗಿಲಲ್ಲಿ ಯಶೋಧರಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು, ಭುಜ ಮಾತ್ರ ಕುಲುಕುತ್ತಿತ್ತು.

"ದುಡ್ಡು ತಗೊಂಡ್ನಾ?" ಎಂದು ತಾಯಿ ಕೇಳಿದರು.

"ತಗೊಂಡ ಕಣಮ್ಮ."

ಮುನಿಗಂಗಮ್ಮ ಮೀನಿನ ಮೇಲೆ ಉಪ್ಪು ಉದುರಿಸಿ, ಕಲ್ಲಿಗೆ ಉಜ್ಜುತ್ತ, ಬೊಚ್ಚುಬಾಯಿ ಅಗಲ ಮಾಡಿ ನಕ್ಕರು.

"ಆರು ತಿಂಗಳಿಂದ ಅದೇನೋ ವ್ಯಾಪಾರ, ವ್ಯಾಪಾರ ಅಂತಿದ್ಯಲ್ಲಪ್ಪ. ವ್ಯಾಪಾರ ಅಂದ್ರೆ ಅವನು ಮಾಡಿದ್ದು ಕಣೋ. ಹೋಗು, ಒಂದಿಷ್ಟು ನೀರು ತಗೊಂಬಾ."